ರೋಜಿಯ ರಕ್ತ, ಎಂಟು ತಿಂಗಳ ಮಾತ್ರೆ, ಮತ್ತೆ ಈ ಕ್ಲಿನಿಕ್: 4 ಸ್ಟಾರ್

ಮೊದಲೇ ಹೇಳಿಬಿಡ್ತೀನಿ, ಒಂದು ಸ್ಟಾರ್ ಕಟ್ ಮಾಡಿರೋದು ಫೋನಿಗೆ. ಹತ್ತು ಸಲ ಮಾಡಿದ್ರೆ ಎರಡು ಸಲ ಎತ್ತುತ್ತಾರೆ. ಮಳೆಗಾಲದಲ್ಲಿ ನಮ್ಮ ಸುಂಟಿಕೊಪ್ಪ ಕಡೆ ತೋಟದೊಳಗೆ ನೆಟ್ವರ್ಕ್ ಸಿಗೋದೇ ಗೇಟ್ ಹತ್ರ, ಅಲ್ಲಿವರೆಗೆ ಕೊಡೆ ಹಿಡ್ಕೊಂಡು ಹೋಗಿ ರಿಂಗ್ ಆಗೋದನ್ನೇ ಕೇಳಿಸ್ಕೊಂಡು ವಾಪಸ್ ಬರೋದು ಅಂದ್ರೆ ಮೈಯೆಲ್ಲ ಉರಿಯುತ್ತೆ ಮಾರಾಯ್ರೆ. ಉಳಿದ ನಾಲ್ಕು ಯಾಕೆ ಅಂತ ಉದ್ದಕ್ಕೇ ಬರೀತೀನಿ, ಯಾಕಂದ್ರೆ ರಾತ್ರಿ ಒಂದು ಗಂಟೆಗೆ ನಾಯಿ ಪಕ್ಕ ಕೂತ್ಕೊಂಡು ಕನ್ನಡದಲ್ಲಿ ಹುಡುಕಿದಾಗ ನಂಗೆ ಏನೂ ಸಿಗಲಿಲ್ಲ.

ನಮ್ಮ ರೋಜಿ ಕಾಕರ್ ಸ್ಪಾನಿಯಲ್, ಆರು ವರ್ಷ, 12 ಕೆಜಿ. ಜುಲೈನಲ್ಲಿ ಊಟ ಬಿಟ್ಟಳು. ಮಳೆ ಹಿಡ್ಕೊಂಡಿತ್ತಲ್ಲ, ಮಂಕಾಗಿದಾಳೆ ಅಂದ್ಕೊಂಡ್ವಿ. ಮೂರನೇ ದಿನ ಅಂಗಳಕ್ಕೆ ಇಳಿಯೋಕೂ ಆಗದೆ ಜಗುಲಿ ಟೈಲ್ಸ್ ಮೇಲೇ ಉಚ್ಚೆ ಹೊಯ್ದಳು, ಒರೆಸೋಕೆ ಹೋದ್ರೆ ಬಟ್ಟೆಯೆಲ್ಲ ಬೆಲ್ಲದ ಕಾಫಿ ಬಣ್ಣ. ತುಟಿ ಎತ್ತಿ ನೋಡ್ತೀನಿ, ವಸಡು ಸುಣ್ಣ ಹೊಡೆದ ಗೋಡೆ ಥರ, ಕಣ್ಣಿನ ಬಿಳಿ ಭಾಗ ಹಳದಿ. ಹತ್ತಿರದಲ್ಲೇ ಇರೋ ಒಬ್ರಿಗೆ ತೋರಿಸಿದ್ವಿ, ಉಣ್ಣಿ ಜ್ವರ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ಅವರದ್ದು ಪೂರ್ತಿ ತಪ್ಪು ಅನ್ನಲ್ಲ, ನಮ್ಮ ಕಡೆ ನಾಯಿಗೆ ರಕ್ತ ಕಮ್ಮಿ ಅಂದ್ರೆ ಮೊದಲು ಉಣ್ಣಿಯಿಂದ ಬರೋ ಬಬೇಸಿಯಾ, ಎರ್ಲಿಕಿಯಾ ಕಾಯಿಲೆಗಳೇ ನೆನಪಾಗೋದು, ತೋಟದಲ್ಲಿ ಉಣ್ಣಿಗೇನು ಬರವಾ. ಆದ್ರೆ ಒಂದು ತೊಟ್ಟು ರಕ್ತ ತೆಗೆದು ನೋಡಬೇಕಿತ್ತಲ್ವಾ ಅಂತ ಈಗ್ಲೂ ಅನ್ಸುತ್ತೆ.

ಮಾರನೇ ದಿನ ಕುಶಾಲನಗರಕ್ಕೆ, ಈ ಕ್ಲಿನಿಕ್ಕಿಗೆ. ಡಾಕ್ಟರ್ ರಕ್ತ ತೆಗೆದು ಗಾಜಿನ ಸ್ಲೈಡ್ ಮೇಲೆ ಒಂದು ಹನಿ ಹಾಕಿ ಸಲೈನ್ ಬೆರೆಸಿ ಅಲ್ಲಾಡಿಸಿದ್ರು, ನನ್ನ ಕಣ್ಣೆದುರೇ ಆ ಕೆಂಪು ನೀರಲ್ಲಿ ರವೆ ಥರ ಕಾಳು ಕಾಳು ಕಟ್ತು. ಹಾಗೆ ಅಂಟ್ಕೊಂಡು ಗುಂಪಾಗೋದು ನಾರ್ಮಲ್ ಅಲ್ಲ, ಇವಳ ಮೈಯೇ ತನ್ನ ಕೆಂಪು ರಕ್ತಕಣನ ಶತ್ರು ಅಂದ್ಕೊಂಡು ಒಡೆದು ಹಾಕ್ತಾ ಇದೆ, ಇದಕ್ಕೆ ಐಎಂಎಚ್ಎ ಅಂತಾರೆ ಅಂದ್ರು. ಕಾಕರ್ ಜಾತಿಗೆ ಸ್ವಲ್ಪ ಜಾಸ್ತಿ ಬರುತ್ತಂತೆ. ಪಿಸಿವಿ, ಅಂದ್ರೆ ರಕ್ತದಲ್ಲಿ ಕೆಂಪು ಕಣ ನೂರಕ್ಕೆ ಎಷ್ಟು ಪಾಲು ಇದೆ ಅನ್ನೋ ಲೆಕ್ಕ, 13. ಆರೋಗ್ಯವಾಗಿರೋ ನಾಯಿಗೆ 37ರಿಂದ 55 ಇರಬೇಕು. ಮೈಕ್ರೋಸ್ಕೋಪಲ್ಲಿ ಬಬೇಸಿಯಾ ಹುಡುಕಿದ್ರು, ಕಾಣ್ಲಿಲ್ಲ, ಆದ್ರೂ ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಕಳಿಸಿ ರಿಪೋರ್ಟ್ ಬರೋವರೆಗೆ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್ ಕೊಟ್ರು. ಆಮೇಲೆ ಒಂದು ಪ್ರಶ್ನೆ: ಈರುಳ್ಳಿ ಏನಾದ್ರೂ ತಿಂದಿದ್ಳಾ? ನಂಗೆ ನಗು ಬಂತು. ಈರುಳ್ಳಿ ಹಾಕಿದ ಪಂದಿ ಕರಿಯ (ಹಂದಿ ಮಾಂಸದ ಸಾರು) ಗ್ರೇವಿ ಹಾಕಿ ಅನ್ನ ಕಲಸೋದು ನಮ್ಮನೇಲಿ ಭಾನುವಾರದ ಪದ್ಧತಿ. ಈರುಳ್ಳಿ ಬೇಯಿಸಿದ್ರೂ ನಾಯಿಯ ರಕ್ತಕಣ ಒಡೆಯುತ್ತೆ, ಅದು ಬೇರೆ ಥರದ ರಕ್ತಹೀನತೆ, ಇವಳದ್ದು ಅದಲ್ಲ, ಆದ್ರೂ ಇನ್ಮೇಲೆ ಬೇಡ ಅಂದ್ರು. ನಗು ಅಲ್ಲೇ ನಿಂತೋಯ್ತು.

ಇಲ್ಲಿ ಬ್ಲಡ್ ಬ್ಯಾಂಕ್ ಇಲ್ಲ, ಇದು ತಿಳ್ಕೊಂಡೇ ಹೋಗಿ. ಡೋನರ್ ನಾಯಿನ ನಾವೇ ತರಬೇಕು, 25 ಕೆಜಿ ಮೇಲಿರಬೇಕು, ವ್ಯಾಕ್ಸಿನ್ ಆಗಿರಬೇಕು, ಉಣ್ಣಿ ಕಾಯಿಲೆ ಇರಬಾರದು. ಪಕ್ಕದ ಎಸ್ಟೇಟಿನ ಲ್ಯಾಬ್ರಡಾರ್ 34 ಕೆಜಿ, ಅವರ ಮನೆಯವರು ಜೀಪಲ್ಲಿ ಹಾಕ್ಕೊಂಡು ಬಂದೇಬಿಟ್ರು, ಆ ಉಪಕಾರ ಮರೆಯಲ್ಲ. ಎರಡೂ ನಾಯಿಯ ರಕ್ತ ಹೊಂದುತ್ತಾ ಅಂತ ಕ್ರಾಸ್ ಮ್ಯಾಚ್ ಮಾಡಿ, ಅವನ ಕುತ್ತಿಗೆ ರಕ್ತನಾಳದಿಂದ ತೆಗೆದ್ರು, ಅವನು ಬಿಸ್ಕೆಟ್ ತಿಂತಾನೇ ಮಲಗಿದ್ದ, ಮುಗಿದ ಮೇಲೆ ಇನ್ನೊಂದು ಪ್ಯಾಕೆಟ್ ಕೇಳಿದ. ರೋಜಿಗೆ ನಿಧಾನಕ್ಕೆ ನಾಲ್ಕು ಗಂಟೆ ಹಾಕಿದ್ರು, ಡಾಕ್ಟರ್ ಸಂಜೆ ಮನೆಗೆ ಹೋಗದೆ ಕೂತಿದ್ರು. ಪಿಸಿವಿ 21 ಆಯ್ತು. ಇದು ವಾಸಿ ಅಲ್ಲ, ಮಾತ್ರೆ ಕೆಲಸ ಶುರು ಮಾಡೋವರೆಗೆ ಟೈಮ್ ಸಿಕ್ಕಿತು ಅಷ್ಟೇ ಅಂತ ಸ್ಪಷ್ಟವಾಗಿ ಹೇಳಿದ್ರು. ಉಳಿಯದೇ ಇರೋ ನಾಯಿಗಳೂ ತುಂಬ, ಮೊದಲ ಎರಡು ವಾರವೇ ಕಷ್ಟದ್ದು ಅನ್ನೋದನ್ನೂ ಮುಚ್ಚಿಡಲಿಲ್ಲ.

ನನ್ನ ನಾಲ್ಕು ಸ್ಟಾರ್ ಇರೋದು ಆಮೇಲಿನ ಕೆಲಸಕ್ಕೆ. ಪ್ರೆಡ್ನಿಸೋಲೋನ್ ಅನ್ನೋ ಸ್ಟೆರಾಯ್ಡ್ ಬೆಳಿಗ್ಗೆ 10, ಸಂಜೆ 10 ಮಿಲಿಗ್ರಾಂ, ಅದರ ಜೊತೆ ಅಜಾಥಿಯೋಪ್ರಿನ್ 25 (ಎರಡೂ ಮೈಯ ರೋಗನಿರೋಧಕ ಶಕ್ತಿನ ತಗ್ಗಿಸೋಕೆ), ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗದ ಹಾಗೆ ಕ್ಲೋಪಿಡೋಗ್ರೆಲ್ 75ರ ಕಾಲು ಮಾತ್ರೆ, ಹೊಟ್ಟೆಗೆ ಒಮೆಪ್ರಜೋಲ್. ಇಷ್ಟನ್ನ ಬರೆದು ಕೈಗೆ ಕೊಟ್ಟು ನೆಕ್ಸ್ಟ್ ಅನ್ನಬಹುದಿತ್ತು. ಅದು ಬಿಟ್ಟು ಡಾಕ್ಟರ್ ಒಂದು ಹಾಳೆ ಮೇಲೆ ಕೈಬರಹದಲ್ಲಿ, ಕನ್ನಡದಲ್ಲಿ, ಏನೇನಾಗುತ್ತೆ ಅಂತ ಬರೆದುಕೊಟ್ರು. ಬಕೆಟ್ ನೀರು ಕುಡೀತಾಳೆ, ತಡೀಬೇಡಿ. ರಾತ್ರಿ ಮೂರು ಸಲ ಹೊರಗೆ ಬಿಡಬೇಕಾಗುತ್ತೆ. ಹಸಿವು ಹಸಿವು ಅಂತಾಳೆ. ಏದುಸಿರು ಬಿಡ್ತಾಳೆ. ಹೊಟ್ಟೆ ಮಡಕೆ ಆಗುತ್ತೆ, ಹಿಂಗಾಲಿನ ಮಾಂಸ ಕರಗುತ್ತೆ. ಕೆಳಗೆ ಕೆಂಪು ಪೆನ್ನಲ್ಲಿ ಎರಡು ಸಾಲು: ಕಕ್ಕಸ್ಸು ಟಾರಿನ ಥರ ಕಪ್ಪಾದ್ರೆ ತಕ್ಷಣ ಬನ್ನಿ. ಯಾವ ನೋವಿನ ಮಾತ್ರೆನೂ ಕೊಡಬೇಡಿ. ಆ ಕೆಂಪು ಸಾಲು ಕೆಲಸಕ್ಕೆ ಬಂತು, ಸೆಪ್ಟೆಂಬರಲ್ಲಿ ರೋಜಿ ಜೀಪ್ ಹತ್ತೋಕೆ ಆಗದೆ ಕುಂಟೋದು ನೋಡಿ ನಮ್ಮತ್ತೆ ತಮ್ಮ ಮಂಡಿನೋವಿನ ಮಾತ್ರೆನ ಅರ್ಧ ಮುರಿದು ಕೈಯಲ್ಲಿ ಹಿಡ್ಕೊಂಡಿದ್ರು. ಸ್ಟೆರಾಯ್ಡ್ ಜೊತೆ ಅದು ಸೇರಿದ್ರೆ ಕರುಳಲ್ಲಿ ಹುಣ್ಣಾಗಿ ರಕ್ತ ಸೋರುತ್ತಂತೆ, ಇರೋ ರಕ್ತಕ್ಕೇ ನಾವು ಲೆಕ್ಕ ಇಡ್ತಾ ಇದ್ವಿ. ಅಜಾಥಿಯೋಪ್ರಿನ್ ಮುಟ್ಟುವಾಗ ಗ್ಲೌಸ್ ಹಾಕ್ಕೊಳ್ಳಿ, ಮನೇಲಿ ಬಸುರಿ ಇದ್ರೆ ಅವರ ಕೈಗೆ ಕೊಡಲೇಬೇಡಿ ಅಂತಾನೂ ಅದರಲ್ಲಿತ್ತು.

ಹಾಳೆ ಮೇಲೆ ಓದೋದು ಬೇರೆ, ಅನುಭವಿಸೋದು ಬೇರೆ ಬಿಡಿ. ಆಗಸ್ಟ್ ಮಳೆಯಲ್ಲಿ ರಾತ್ರಿ ಹನ್ನೊಂದಕ್ಕೆ, ಎರಡಕ್ಕೆ, ನಾಲ್ಕಕ್ಕೆ ಟಾರ್ಚ್ ಹಿಡ್ಕೊಂಡು ಅಂಗಳಕ್ಕೆ ಇಳೀಬೇಕು, ಕರೆಂಟ್ ಅಂತೂ ಇರಲ್ಲ. ನಮ್ಮ ಕೊಡವರ ಕೈಲ್ ಮುಹೂರ್ತ ಹಬ್ಬಕ್ಕೆ ಅಂತ ಮಾಡಿಟ್ಟ ಕಡಂಬುಟ್ಟಲ್ಲಿ (ಅಕ್ಕಿ ಕಡುಬು) ಒಂಬತ್ತು ನುಂಗಿದ್ಳು, ಬಾಯಿಗೆ ಕೈ ಹಾಕಿದ್ರೆ ಗುರ್ ಅಂದ್ಳು, ಹುಟ್ಟಿದಾಗಿಂದ ಗುರ್ ಅಂದವಳಲ್ಲ. ನಂಗೆ ಅಳು ಬಂತು. ಹಾಳೆಯಲ್ಲಿ ಅದೂ ಇತ್ತು, ಸಿಡುಕು ಬರಬಹುದು ಅಂತ, ನಾನೇ ಸರಿಯಾಗಿ ಓದಿರಲಿಲ್ಲ.

ಇನ್ನೊಂದು ನಮ್ಮೂರಿನ ಸಮಸ್ಯೆ. ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಅವಳ ಹಾಸಿಗೆ ತುಂಬ ರಕ್ತ. ಕಾಲ್ಬೆರಳ ಸಂದಿಯಲ್ಲಿ ಇಂಬಳ (ಜಿಗಣೆ) ಕಚ್ಚಿ ಬಿಟ್ಟು ಹೋಗಿದೆ, ಇಂಬಳ ಕಚ್ಚಿದ್ರೆ ಮೊದಲೇ ರಕ್ತ ಬೇಗ ನಿಲ್ಲಲ್ಲ, ಇವಳಿಗೆ ಕ್ಲೋಪಿಡೋಗ್ರೆಲ್ ಬೇರೆ. ಆವತ್ತು ಮಾತ್ರ ಫೋನ್ ಒಂದೇ ಸಲಕ್ಕೆ ಎತ್ತಿದ್ರು ನೋಡಿ! ಹತ್ತಿ ಇಟ್ಟು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡೀರಿ, ಮಧ್ಯ ಮಧ್ಯ ಎತ್ತಿ ನೋಡಬೇಡಿ ಅಂದ್ರು. ನಿಂತ್ತು. ಮಧ್ಯಾಹ್ನ ಕರ್ಕೊಂಡು ಹೋದಾಗ ಪಿಸಿವಿ ನೋಡಿದ್ರು, ಇಳಿದಿರಲಿಲ್ಲ, ದುಡ್ಡೂ ತಗೊಳ್ಳಲಿಲ್ಲ.

ನನ್ನ ತಪ್ಪೂ ಬರೀಬೇಕಲ್ಲ. ಪ್ಲಾನ್ ಇದ್ದದ್ದು ಪಿಸಿವಿ ನೋಡ್ಕೊಂಡು ಮೂರು ವಾರಕ್ಕೊಮ್ಮೆ ಪ್ರೆಡ್ನಿಸೋಲೋನ್ ಕಾಲು ಭಾಗ ಇಳಿಸೋದು. ಅಕ್ಟೋಬರಲ್ಲಿ ಪಿಸಿವಿ 38 ಬಂದಿತ್ತು, ಓಡಾಡ್ತಾ ಇದ್ಳು, ನನಗೋ ನಿದ್ದೆಗೆಟ್ಟು ಸಾಕಾಗಿತ್ತು, ಯಾರಿಗೂ ಹೇಳದೆ ಮಾತ್ರೆ ಅರ್ಧ ಮಾಡಿದೆ. ಹತ್ತು ದಿನಕ್ಕೆ ಪಿಸಿವಿ 29. ಡಾಕ್ಟರ್ ಬೈದ್ರು, ಚೆನ್ನಾಗೇ ಬೈದ್ರು, ಕಾಯೋ ಜಾಗದಲ್ಲಿದ್ದವರಿಗೆಲ್ಲ ಕೇಳೋ ಹಾಗೆ. ತಿಂಗಳುಗಟ್ಟಲೆ ಹೊರಗಿಂದ ಸ್ಟೆರಾಯ್ಡ್ ಸಿಕ್ಕಿದ ಮೈ ತಾನು ಮಾಡ್ಕೊಳ್ಳೋದನ್ನ ನಿಲ್ಲಿಸಿರುತ್ತೆ, ದಿಢೀರ್ ಬಿಟ್ರೆ ನಾಯಿ ಕುಸಿದು ಬೀಳುತ್ತೆ, ಕಾಯಿಲೆ ತಿರುಗಿ ಬರೋದು ಬೇರೆ. ಆಗ ಮುಖ ಕೆಂಪಾಯ್ತು ನಂಗೆ, ಆದ್ರೆ ಹಳೇ ಡೋಸಿಗೆ ವಾಪಸ್ ಹೋಗಿ ಕ್ರಿಸ್ಮಸ್ ಹೊತ್ತಿಗೆ ಮತ್ತೆ ದಾರಿಗೆ ಬಂತು. ನಡುವೆ ಒಂದ್ಸಲ ಮೂತ್ರದ ಇನ್ಫೆಕ್ಷನ್ ಆಯ್ತು, ಅದು ಆ್ಯಂಟಿಬಯಾಟಿಕಲ್ಲಿ ಹೋಯ್ತು.

ಖರ್ಚು ಎಲ್ಲ ಸೇರಿ ನಂಗೆ ಮೂವತ್ತು ಸಾವಿರ ದಾಟಿದೆ, ಅರ್ಧಕ್ಕಿಂತ ಜಾಸ್ತಿ ಮೊದಲ ತಿಂಗಳೇ. ಪ್ರತಿ ಸಲ ಬಿಲ್ ಕೊಡ್ತಾರೆ, ಬೇಡದ ಟೆಸ್ಟ್ ಬರೆಯಲ್ಲ, ಪ್ರೆಡ್ನಿಸೋಲೋನ್ ಮನುಷ್ಯರ ಮೆಡಿಕಲಲ್ಲೇ ಅಗ್ಗಕ್ಕೆ ಸಿಗುತ್ತೆ ಅಂತ ಅವರೇ ಹೇಳಿಕೊಟ್ರು. ಟೋಕನ್ ಸಿಸ್ಟಮ್ ಮಾತ್ರ ದೇವರಿಗೇ ಪ್ರೀತಿ, ಸಂತೆ ದಿನ ಹೋದ್ರೆ ಎರಡು ಗಂಟೆ ಗ್ಯಾರಂಟಿ, ಕಾಯೋಕೆ ಇರೋದು ಒಂದೇ ಬೆಂಚು, ಸ್ಟೆರಾಯ್ಡ್ ತಗೊಳ್ತಿರೋ ನಾಯಿ ಪಕ್ಕದಲ್ಲೇ ಕೆಮ್ಮೋ ಮರಿ ಕೂತಿರುತ್ತೆ. ಇದನ್ನ ಸರಿ ಮಾಡ್ಬೇಕು ಸಾರ್. ನಾನು ರೋಜಿನ ಜೀಪಲ್ಲೇ ಬಿಟ್ಟು ನಂಬರ್ ಬಂದ ಮೇಲೆ ಎತ್ಕೊಂಡು ಬರ್ತಿದ್ದೆ.

ಈಗ ಮಾರ್ಚ್. ದಿನ ಬಿಟ್ಟು ದಿನ 5 ಮಿಲಿಗ್ರಾಂ, ಅಜಾಥಿಯೋಪ್ರಿನ್ ನಿಲ್ಲಿಸಿಯಾಯ್ತು, ಮೊನ್ನೆ ಪಿಸಿವಿ 41. ಬೆನ್ನ ಮೇಲೆ ಕೂದಲು ಮತ್ತೆ ಬರ್ತಿದೆ, ಹೊಸದು ಸ್ವಲ್ಪ ಗುಂಗುರು. ನಿನ್ನೆ ಕಡಂಬುಟ್ಟು ತೋರಿಸಿದೆ, ಮೂಸಿ ನೋಡಿ ಎದ್ದು ಹೋದ್ಳು.