ಫಾಸ್ಟ್ ಕಾರ್ಡ್ ಹಾಕಿದ್ರ ಮೊಬೈಲ್ ಫಾಸ್ಟ್ ಆಗತೈತೇನ್ರಿ? ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ 128 ಜಿಬಿ, ಎರಡು ವರ್ಷ ಬಳಸಿದ ಮೇಲೆ

ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ 128 ಜಿಬಿ ಮೈಕ್ರೊ ಎಸ್‌ಡಿ ಕಾರ್ಡ್ ತೊಗೊಂಡು ಎರಡು ವರ್ಷದ ಮೇಲಾಯಿತು. ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನ ಅಂಗಡಿಯಲ್ಲಿ ಕೈಗೆ ಕೊಡುವಾಗ ಅಲ್ಲಿನ ಹುಡುಗ, "ಸರ, ಸಾದಾ ಕಾರ್ಡ್ ಬ್ಯಾಡ್ರಿ. ಇದನ್ನ ಹಾಕ್ರಿ, ಮೊಬೈಲ್ ಹ್ಯಾಂಗ್ ಆಗೂದ ನಿಂತಹೋಗತೈತಿ" ಅಂದಿದ್ದ. ಕಾರ್ಡ್ ಚೆನ್ನಾಗಿದೆ, ಇವತ್ತಿನವರೆಗೆ ಕೈಕೊಟ್ಟಿಲ್ಲ. ಹುಡುಗನ ಮಾತು ಮಾತ್ರ ಒಂದು ಕಡೆ ನಿಜ, ನಾಲ್ಕು ಕಡೆ ಸುಳ್ಳು. ಎಲ್ಲಿ ನಿಜ, ಎಲ್ಲಿ ಸುಳ್ಳು ಅನ್ನೋದಕ್ಕೆ ಈ ವಿಮರ್ಶೆ.

ಹೋಲಿಸಿ ನೋಡಲು ನನ್ನ ಹತ್ತಿರ ಇನ್ನೆರಡು ಕಾರ್ಡ್ ಇದ್ದವು. ಅದೇ ಕಂಪನಿಯ ಅಲ್ಟ್ರಾ 128 ಜಿಬಿ ಒಂದು, ಬಹಳ ಹಳೆಯ 16 ಜಿಬಿ ಕ್ಲಾಸ್ 4 ಕಾರ್ಡ್ ಇನ್ನೊಂದು. ಗದಗಿನ ನಮ್ಮ ಮನೆಯಲ್ಲಿ ಕಾರ್ಡ್ ಹಾಕುವ ಸಾಮಾನುಗಳಿಗೇನೂ ಕಡಿಮೆ ಇಲ್ಲ: ನನ್ನ ಮೊಬೈಲು, ಸಂಗೀತ ಕಾರ್ಯಕ್ರಮಗಳಿಗೆ ಒಯ್ಯುವ ಚಿಕ್ಕ ಆಡಿಯೊ ರೆಕಾರ್ಡರ್, ಹಕ್ಕಿ ತೆಗೆಯುವ ಕ್ಯಾಮೆರಾ, ಅಕ್ಕನ ಮಗನ ಗೇಮ್ ಕನ್ಸೋಲ್. ಮೂರೂ ಕಾರ್ಡನ್ನು ಎಲ್ಲದರಲ್ಲೂ ಅದಲು ಬದಲು ಮಾಡಿ ಹಾಕಿ ನೋಡಿದ್ದೇನೆ.

ಮೊದಲು ಕಾರ್ಡಿನ ಮೇಲಿನ ಬರಹ. ಉಗುರಿನಷ್ಟು ಜಾಗದಲ್ಲಿ ಪಂಚಾಂಗದ ಹಾಗೆ ಅಂಕಿ ತುಂಬಿರುತ್ತಾರೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ 190 ಎಂಬಿ ಅನ್ನೋದು ಓದುವ ವೇಗ, ಅದೂ ಗರಿಷ್ಠ. ಬರೆಯುವ ವೇಗ 90 ಎಂಬಿವರೆಗೆ ಅಂತ ಬೇರೆ ಕಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಲಸಕ್ಕೆ ಬರುವ ಅಂಕಿಗಳು ಬೇರೆ. ವೃತ್ತದೊಳಗಿನ 10, ಯು ಅಕ್ಷರದೊಳಗಿನ 3, ವಿ30, ಇವೆಲ್ಲ ಕಾರ್ಡ್ ಎಷ್ಟಕ್ಕಿಂತ ಕೆಳಗೆ ಇಳಿಯಬಾರದು ಅನ್ನುವ ಲೆಕ್ಕ. ಕ್ಲಾಸ್ 4 ಅಂದರೆ ಸೆಕೆಂಡಿಗೆ ಕನಿಷ್ಠ 4 ಎಂಬಿ ಬರೆಯಬೇಕು, ಕ್ಲಾಸ್ 10 ಮತ್ತು ಯು1 ಅಂದರೆ 10 ಎಂಬಿ, ಯು3 ಮತ್ತು ವಿ30 ಅಂದರೆ 30 ಎಂಬಿ. ಗರಿಷ್ಠದ ಅಂಕಿ ಅಂಗಡಿಯವರಿಗೆ ಮಾರಲು ಬೇಕು, ಕನಿಷ್ಠದ ಅಂಕಿ ನಮಗೆ ಬಳಸಲು ಬೇಕು.

190ರ ಕಥೆ ಇನ್ನೂ ಒಂದಿದೆ. ಮೊಬೈಲು, ಕನ್ಸೋಲ್, ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರೋದು ಯುಎಚ್‌ಎಸ್-1 ಅನ್ನುವ ದರ್ಜೆಯ ಸ್ಲಾಟ್, ಅಂದರೆ ಕಾರ್ಡ್ ಕೂರುವ ಕಿಂಡಿ. ಡೇಟಾ ಹರಿಯಲು ನಾಲ್ಕು ತಂತಿ, 208 ಮೆಗಾಹರ್ಟ್ಜ್. ಕಾಗದದ ಮೇಲೆ ಹೆಚ್ಚೆಂದರೆ ಸೆಕೆಂಡಿಗೆ 104 ಎಂಬಿ, ಕೈಗೆ ಸಿಗೋದು 90ರ ಆಸುಪಾಸು. ಅದಕ್ಕಿಂತ ಮೇಲಿನ ವೇಗ ಕಂಪನಿಗಳು ತಮ್ಮದೇ ತಂತ್ರದಿಂದ ಕೊಡುವಂಥದ್ದು, ಅದಕ್ಕೆ ಹೊಂದುವ ಕಾರ್ಡ್ ರೀಡರ್ ಬೇಕು. ನಮ್ಮ ಚಿಗರಿ ಬಸ್ಸು ಧಾರವಾಡ ಹಾದಿಯಲ್ಲಿ ತನ್ನದೇ ಲೇನಿನಲ್ಲಿ ಓಡುವಾಗ ಓಡುತ್ತದೆ, ಉಳಿದ ಗಾಡಿಗಳ ಜೊತೆ ಸೇರಿದ ಕೂಡಲೇ ಅದೂ ಎಲ್ಲರ ಹಾಗೆ ತೆವಳಬೇಕು. 190ರ ಕಾರ್ಡ್ ಮೊಬೈಲಿಗೆ ಹಾಕಿದಾಗ ಆಗೋದು ಅದೇ.

ಈಗ ಮೊಬೈಲಿನ ವಿಷಯ, ಎಲ್ಲರೂ ಕೇಳೋದು ಇದನ್ನೇ. ಕ್ಲಾಸ್ 4 ಕಾರ್ಡ್ ಇದ್ದಾಗ ಒಂದರ ಹಿಂದೆ ಒಂದು ಫೋಟೊ ತೆಗೆದರೆ ಕ್ಯಾಮೆರಾ ತಡವರಿಸುತ್ತಿತ್ತು, ಗ್ಯಾಲರಿ ತೆರೆದರೆ ಚಿಕ್ಕ ಚಿತ್ರಗಳು ಒಂದೊಂದಾಗಿ ಬೂದು ಚೌಕದಿಂದ ಹೊರಗೆ ಬರುತ್ತಿದ್ದವು. ಅಲ್ಟ್ರಾ ಹಾಕಿದ ದಿನವೇ ಆ ಕಾಟ ತಪ್ಪಿತು. ಅಲ್ಟ್ರಾ ತೆಗೆದು ಎಕ್ಸ್‌ಟ್ರೀಮ್ ಹಾಕಿದರೆ? ಏನೂ ಇಲ್ಲ. ಮನೆಯವಳ ಕೈಗೆ ಮೊಬೈಲ್ ಕೊಟ್ಟು ಯಾವ ಕಾರ್ಡ್ ಒಳಗಿದೆ ಹೇಳು ಅಂದರೆ ಅವಳಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ.

ಕಾರಣ ಸರಳ. ಆಂಡ್ರಾಯ್ಡ್, ಆ್ಯಪ್‌ಗಳು, ಅವುಗಳ ಡೇಟಾ ಎಲ್ಲ ಇರೋದು ಮೊಬೈಲಿನ ಒಳಗಿನ ಮೆಮೊರಿಯಲ್ಲಿ. ಕಾರ್ಡಿನಲ್ಲಿ ಇರೋದು ಫೋಟೊ, ವಿಡಿಯೊ, ಹಾಡು. ವಾಟ್ಸ್‌ಆ್ಯಪ್ ಅಂತೂ ಬಂದ ಫೋಟೊ, ವಿಡಿಯೊಗಳನ್ನು ಒಳಗಿನ ಮೆಮೊರಿಗೇ ತುಂಬುತ್ತದೆ, ಕಾರ್ಡಿನ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಿದ್ದ ಮೇಲೆ ವಾಟ್ಸ್‌ಆ್ಯಪ್ ಹ್ಯಾಂಗ್ ಆಗುತ್ತದೆ ಅಂತ ಫಾಸ್ಟ್ ಕಾರ್ಡ್ ತಂದರೆ ಏನು ಬಂತು? ಆದರೂ "ಕಾರ್ಡ್ ಹಾಕಿದ ಮೇಲೆ ಮೊಬೈಲ್ ಹಗರ ಆತು" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಒಳಗಿನ ಮೆಮೊರಿ ಕಂಠಪೂರ್ತಿ ತುಂಬಿದ್ದಾಗ ಯಾವ ಮೊಬೈಲಾದರೂ ಏದುಸಿರು ಬಿಡುತ್ತದೆ. ಮದುವೆ, ಸೀಮಂತ, ಜಾತ್ರೆಯ ಫೋಟೊಗಳನ್ನೆಲ್ಲ ಕಾರ್ಡಿಗೆ ಸಾಗಿಸಿದಾಗ ಒಳಗೆ ಜಾಗ ಆಗುತ್ತದೆ, ಮೊಬೈಲ್ ಹಗುರಾಗುತ್ತದೆ. ಆ ಗುಣ ಜಾಗದ್ದು, ವೇಗದ್ದಲ್ಲ. ಸಾದಾ ಕ್ಲಾಸ್ 10 ಕಾರ್ಡ್ ಹಾಕಿದ್ದರೂ ಅಷ್ಟೇ ಆಗುತ್ತಿತ್ತು.

ಒಂದು ಅಪವಾದ ಉಂಟು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಕಾರ್ಡನ್ನೇ ಒಳಗಿನ ಮೆಮೊರಿಯ ಭಾಗ ಮಾಡಿಕೊಳ್ಳುವ ಸೌಲಭ್ಯ ಇದೆ, ಎಲ್ಲ ಮೊಬೈಲಿನಲ್ಲಿ ಅಲ್ಲ. ಮನೆಯಲ್ಲಿನ ಹಳೆಯ 16 ಜಿಬಿ ಫೋನಿನಲ್ಲಿ ಹಾಗೆ ಮಾಡಿ ನೋಡಿದೆ. ಅಲ್ಲಿ ಕಾರ್ಡಿನ ಗುಣ ಎದ್ದು ಕಾಣುತ್ತದೆ. ಆ್ಯಪ್ ಓಡುವಾಗ ದೊಡ್ಡ ಫೈಲನ್ನು ಒಂದೇ ಸಮನೆ ಓದುವುದಿಲ್ಲ, ಅಲ್ಲೊಂದು ಇಲ್ಲೊಂದು ಚೂರು ಓದುತ್ತದೆ, ಬರೆಯುತ್ತದೆ. ಅದರ ಲೆಕ್ಕಕ್ಕೇ ಎ1, ಎ2 ಗುರುತು ಇರೋದು. ಎ1 ಕಾರ್ಡ್ ಸೆಕೆಂಡಿಗೆ ಕನಿಷ್ಠ 1,500 ಸಲ ಇಂಥ ಚೂರು ಓದಬೇಕು, 500 ಸಲ ಬರೆಯಬೇಕು. ಎ2 ಆದರೆ 4,000 ಮತ್ತು 2,000. ಒಂದು ಚೂರು 4 ಕೆಬಿ ಅಂತ ಹಿಡಿದು ಗುಣಿಸಿ ನೋಡಿ: ಎ1ಗೆ ಓದುವುದು ಸೆಕೆಂಡಿಗೆ 6 ಎಂಬಿ! ಡಬ್ಬಿಯ ಮೇಲಿನ ಮೂರಂಕಿ ಎಲ್ಲಿ, ಈ 6 ಎಲ್ಲಿ.

ಎ2 ಹಾಗಿದ್ದರೆ ಎರಡು ಪಟ್ಟಿಗಿಂತ ಮೇಲಲ್ಲವೇ ಅಂತೀರಿ. ಲೆಕ್ಕಕ್ಕೆ ಹೌದು. ಆದರೆ ಆ ವೇಗ ಸಿಗಬೇಕಾದರೆ ಆದೇಶಗಳನ್ನು ಸಾಲಾಗಿ ಕಳಿಸುವ, ಕಾರ್ಡಿನ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಬಳಸುವ ವಿದ್ಯೆ ಮೊಬೈಲಿಗೂ ಗೊತ್ತಿರಬೇಕು. ಗೊತ್ತಿಲ್ಲದ ಮೊಬೈಲಿನಲ್ಲಿ ಎ2 ಕಾರ್ಡ್ ಎ1ನ ಹಾಗೇ ನಡೆದುಕೊಳ್ಳುತ್ತದೆ, ಕೆಲವೊಮ್ಮೆ ಅದಕ್ಕಿಂತ ಹಿಂದೆಯೂ ಬೀಳಬಹುದು. ನನ್ನ ಹಳೆಯ ಫೋನಿನಲ್ಲಿ ಎ1 ಗುರುತಿನ ಅಲ್ಟ್ರಾಕ್ಕೂ ಎ2 ಗುರುತಿನ ಎಕ್ಸ್‌ಟ್ರೀಮ್‌ಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ. ಎರಡೂ ಕ್ಲಾಸ್ 4ಕ್ಕಿಂತ ಎಷ್ಟೋ ಮೇಲು, ಎರಡೂ ಹೊಸ ಮೊಬೈಲಿನ ಒಳಗಿನ ಮೆಮೊರಿಗಿಂತ ಎಷ್ಟೋ ಕೆಳಗೆ. ಇನ್ನೊಂದು ನೆನಪಿರಲಿ, ಹೀಗೆ ಸೇರಿಸಿಕೊಂಡ ಕಾರ್ಡನ್ನು ತೆಗೆದರೆ ಅದರಲ್ಲಿದ್ದ ಆ್ಯಪ್‌ಗಳೂ ಹೋದವು ಅಂತಲೇ.

ರೆಕಾರ್ಡರ್ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ವೀರೇಶ್ವರ ಪುಣ್ಯಾಶ್ರಮದ ಊರಿನಲ್ಲಿ ಇದ್ದು ಸಂಗೀತ ರೆಕಾರ್ಡ್ ಮಾಡದೆ ಇರೋದು ಕಷ್ಟ. 24 ಬಿಟ್, 48 ಕಿಲೋಹರ್ಟ್ಜ್ ಸ್ಟೀರಿಯೊ ವೇವ್ ಫೈಲ್ ಅಂದರೆ ಸೆಕೆಂಡಿಗೆ 288 ಕೆಬಿ, ಎರಡು ತಾಸಿನ ಗಾಯನಕ್ಕೆ ಸುಮಾರು 2 ಜಿಬಿ. ಕ್ಲಾಸ್ 4 ಕಾರ್ಡಿಗೂ ಇದು ನಿದ್ದೆಗಣ್ಣಿನಲ್ಲಿ ಮಾಡುವ ಕೆಲಸ. ವೇಗದ ಕಾರ್ಡ್ ಹಾಕಿದರೆ ತಾನ ಇನ್ನೂ ಸ್ಪಷ್ಟ ಕೇಳುತ್ತದೆ ಅಂತ ವಾದಿಸಿದ ಪುಣ್ಯಾತ್ಮರೂ ಸಿಕ್ಕಿದ್ದಾರೆ. ನಮಸ್ಕಾರ ಹೇಳಿ ಬಂದೆ.

ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸಿದ್ದು ಮಾಗಡಿ ಕೆರೆಯ ದಂಡೆಯಲ್ಲಿ. ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ; 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿತು. ಅವು ನೀರಿನ ಮೇಲೆ ಕೂತಿರುವಾಗ ಯಾವ ಕಾರ್ಡಾದರೂ ನಡೆಯುತ್ತದೆ. ಒಂದು ಹಕ್ಕಿ ಕೂಗಿ, ಇಡೀ ಹಿಂಡು ಒಮ್ಮೆಲೇ ಏಳುವಾಗ ಬಟನ್ ಒತ್ತಿ ಹಿಡಿದರೆ ಕಥೆ ಬೇರೆ. ನನ್ನ ಕ್ಯಾಮೆರಾದ ಒಂದು ರಾ ಫೈಲ್, ಅಂದರೆ ಸಂಸ್ಕರಿಸದ ಮೂಲ ಫೋಟೊ, ಸುಮಾರು 25 ಎಂಬಿ. ಸೆಕೆಂಡಿಗೆ ಹತ್ತು ಫೋಟೊ ಅಂದರೆ 250 ಎಂಬಿ, ಯಾವ ಯುಎಚ್‌ಎಸ್-1 ಕಾರ್ಡಿಗೂ ನುಂಗಲಾಗದ ತುತ್ತು. ಹೀಗಾಗಿ ಫೋಟೊಗಳು ಮೊದಲು ಕ್ಯಾಮೆರಾದ ಬಫರ್‌ನಲ್ಲಿ, ಅಂದರೆ ಅದರ ತಾತ್ಕಾಲಿಕ ಮೆಮೊರಿಯಲ್ಲಿ, ತುಂಬುತ್ತವೆ, ಅಲ್ಲಿಂದ ಕಾರ್ಡಿಗೆ ಇಳಿಯುತ್ತವೆ. ಬಫರ್ ತುಂಬಿದ ಕೂಡಲೇ ಬಟನ್ ಒತ್ತಿದರೂ ಕ್ಯಾಮೆರಾ ಸುಮ್ಮನಾಗುತ್ತದೆ, ಪಕ್ಕದ ಕೆಂಪು ದೀಪ ಮಿಣಮಿಣ ಅನ್ನುತ್ತಿರುತ್ತದೆ. ಮೂವತ್ತು ಫೋಟೊ, 750 ಎಂಬಿ ಇಳಿಯಬೇಕು. ಕ್ಲಾಸ್ 4 ಕಾರ್ಡಿನಲ್ಲಿ ಆ ದೀಪ ಆರುವ ಹೊತ್ತಿಗೆ ಹೆಬ್ಬಾತುಗಳು ಹೊಲದಲ್ಲಿ ಇಳಿದು ಮೇಯುತ್ತಿದ್ದವು. ಅಲ್ಟ್ರಾದಲ್ಲಿ ಅರ್ಧ ನಿಮಿಷದ ಆಸುಪಾಸು. ಎಕ್ಸ್‌ಟ್ರೀಮ್‌ನಲ್ಲಿ ಹತ್ತು ಹನ್ನೆರಡು ಸೆಕೆಂಡಿಗೆ ಕ್ಯಾಮೆರಾ ಮತ್ತೆ ತಯಾರು, ಹಿಂಡು ಒಂದು ಸುತ್ತು ಹೊಡೆದು ತಿರುಗಿ ಬರುವಾಗ ಇನ್ನೊಂದು ಅವಕಾಶ ಸಿಗುತ್ತದೆ. ಗಮನಿಸಿ, ಮೊದಲ ಮೂರು ಸೆಕೆಂಡಿನಲ್ಲಿ ಮೂರೂ ಕಾರ್ಡ್ ಒಂದೇ. ಜೆಪೆಗ್ ತೆಗೆಯುವವರಿಗೆ, ಒಂದೊಂದೇ ಫೋಟೊ ತೆಗೆಯುವವರಿಗೆ ಈ ಖರ್ಚು ಬೇಡವೇ ಬೇಡ.

ವಿಡಿಯೊದವರು ಸೆಕೆಂಡಿಗೆ 100 ಮೆಗಾಬಿಟ್ ಅನ್ನೋದನ್ನು 100 ಎಂಬಿ ಅಂತ ಓದಿ ಹೆದರುತ್ತಾರೆ. ಎಂಟರಿಂದ ಭಾಗಿಸಿ, ಬರೀ 12.5 ಎಂಬಿ. 4ಕೆ ರೆಕಾರ್ಡಿಂಗ್‌ಗೆ ವಿ30 ಗುರುತು ಸಾಕಷ್ಟಾಯಿತು. ಗುರುತಿಲ್ಲದ ಕಾರ್ಡ್ ಹಾಕಿದರೆ ಅಕ್ಷತೆ ಬೀಳುವ ಹೊತ್ತಿಗೇ ರೆಕಾರ್ಡಿಂಗ್ ನಿಂತೀತು.

ಅಕ್ಕನ ಮಗನ ಕನ್ಸೋಲ್ ಹಳೆಯ ಆಟಗಳನ್ನು ಆಡುವಂಥದ್ದು. "ಮಾಮಾ, ಇದಕ್ಕ ನಿಮ್ಮ ಕೆಂಪ ಕಾರ್ಡ್ ಕೊಡ್ರಿ, ಗೇಮ್ ಸ್ಪೀಡ್ ಓಡತೈತಿ" ಅಂತ ರಜೆಗೆ ಬಂದಾಗಲೆಲ್ಲ ಅವನ ಗಂಟು ಬೀಳುವಿಕೆ. ಅವನು ಆಡುವ ಮೊದಲ ಸೂಪರ್ ಮಾರಿಯೊ ಆಟ ಇರೋದೇ 40 ಕೆಬಿ. 1994ರ ಪ್ಲೇಸ್ಟೇಷನ್ನಿನ ಸಿಡಿ ಓದುತ್ತಿದ್ದ ವೇಗ ಸೆಕೆಂಡಿಗೆ 300 ಕೆಬಿ. ಆ ಆಟಗಳನ್ನು ಬರೆದದ್ದೇ ಆ ವೇಗಕ್ಕೆ. ಕಾರ್ಡ್ ಕೊಟ್ಟೆ, ಆಡಿದ, "ಏನ ಫರಕಿಲ್ಲ ಬಿಡ್ರಿ" ಅಂತ ವಾಪಸ್ ಕೊಟ್ಟ. ಸ್ಟೀಮ್ ಡೆಕ್‌ನಂಥ ದೊಡ್ಡ ಕನ್ಸೋಲ್‌ಗಳಲ್ಲಿ ಆಟ ತೆರೆಯುವ ಸಮಯಕ್ಕೆ ಕಾರ್ಡಿನ ಓದುವ ವೇಗ ಸ್ವಲ್ಪ ಲೆಕ್ಕಕ್ಕೆ ಬರುತ್ತದೆ, ಆದರೆ ಅದೂ ಯುಎಚ್‌ಎಸ್-1 ಸ್ಲಾಟೇ. ಆಟ ಒಮ್ಮೆ ರ್‍ಯಾಮ್‌ಗೆ ಬಂದ ಮೇಲೆ ಅದು ನುಣ್ಣಗೆ ಓಡುವುದು ಬಿಡುವುದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ಪಿನ ಕೆಲಸ. ನಿಜಕ್ಕೂ ಬೇರೆಯಾಗಿರೋದು 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2. ಅದರ ಸ್ಲಾಟೇ ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್, ಕಾಗದದ ಮೇಲೆ ಸೆಕೆಂಡಿಗೆ 985 ಎಂಬಿವರೆಗೆ. ನನ್ನ ಎಕ್ಸ್‌ಟ್ರೀಮ್‌ನಂಥ ಹಳೆಯ ಕಾರ್ಡಿನಿಂದ ಅದರಲ್ಲಿ ಆಟ ಆಡಲು ಬರುವುದೇ ಇಲ್ಲ. ಅದನ್ನು ನೋಡಿ ಆ ದುಬಾರಿ ಎಕ್ಸ್‌ಪ್ರೆಸ್ ಕಾರ್ಡನ್ನು ಮೊಬೈಲಿಗೆ ತಂದು ಹಾಕಬೇಡಿ, ಅಲ್ಲಿ ಅದು ಮತ್ತೆ ಯುಎಚ್‌ಎಸ್-1 ಆಗಿ ಕೂರುತ್ತದೆ.

ಇಷ್ಟೆಲ್ಲ ಬಳಸಿದ ಮೇಲೆ ನನಗೆ ಗಟ್ಟಿಯಾದದ್ದು: ಕಾರ್ಡಿನ ವೇಗ ಹೆಚ್ಚಾಗಿ ಕಾಣಿಸೋದು ಸಾಮಾನಿನ ಒಳಗೆ ಇದ್ದಾಗಲ್ಲ, ಅದರಿಂದ ಹೊರಗೆ ತೆಗೆದಾಗ. ಮಾಗಡಿಯಿಂದ ಬಂದ ರಾತ್ರಿ 64 ಜಿಬಿ ಫೋಟೊ ಲ್ಯಾಪ್‌ಟಾಪಿಗೆ ಇಳಿಸಬೇಕು. ಹಳೆಯ ಯುಎಸ್‌ಬಿ 2.0 ರೀಡರ್‌ನಲ್ಲಿ ಸೆಕೆಂಡಿಗೆ 35 ಎಂಬಿ ಬಂದರೆ ಹೆಚ್ಚು, ಅರ್ಧ ತಾಸು ಕೂರಬೇಕು. ಯುಎಸ್‌ಬಿ 3.0 ರೀಡರ್‌ನಲ್ಲಿ ಅದೇ ಕಾರ್ಡ್ 90ರ ಹತ್ತಿರ ಓಡಿ ಹನ್ನೆರಡು ನಿಮಿಷಕ್ಕೆ ಮುಗಿಸುತ್ತದೆ, ಊಟಕ್ಕೆ ರೊಟ್ಟಿ ತಟ್ಟುವಷ್ಟರಲ್ಲಿ ಕೆಲಸ ಆಗಿರುತ್ತದೆ. ಮೊಬೈಲಿಗೆ ಕೇಬಲ್ ಹಾಕಿ ನಕಲು ಮಾಡಿದರೆ ಮತ್ತೆ ಹಳೆಯ ವೇಗವೇ. ಟೈಪ್-ಸಿ ಕಿಂಡಿ ಇದ್ದರೂ ಅನೇಕ ಮಧ್ಯಮ ದರದ ಮೊಬೈಲುಗಳ ಒಳಗೆ ಇರೋದು ಯುಎಸ್‌ಬಿ 2.0. ಹೀಗಾಗಿ ಕೈಯಲ್ಲಿ ಇರುವ ರೊಕ್ಕ ಒಂದಕ್ಕೇ ಸಾಕಾಗುವಂತಿದ್ದರೆ ಕಾರ್ಡ್ ಬದಲಿಸುವ ಮೊದಲು ರೀಡರ್ ಬದಲಿಸಿ.

ಮೊಬೈಲಿಗಷ್ಟೇ ಬೇಕಿದ್ದರೆ ಎ1 ಗುರುತಿನ ಅಲ್ಟ್ರಾ ದರ್ಜೆಯ ಕಾರ್ಡ್ ತೊಗೊಂಡು ಉಳಿದ ದುಡ್ಡಿಗೆ ಜಾಗ ಹೆಚ್ಚಿಸಿಕೊಳ್ಳಿ. ಕಾರಿನ ಡ್ಯಾಶ್‌ಕ್ಯಾಮ್‌ಗೆ ಎರಡೂ ಬೇಡ. ಹಗಲೂ ರಾತ್ರಿ ಅಳಿಸಿ ಬರೆಯುವ ಕೆಲಸ, ಮೇಲೆ ನಮ್ಮ ಕಡೆಯ ಏಪ್ರಿಲ್ ಬಿಸಿಲು. ಹೈ ಎಂಡ್ಯೂರೆನ್ಸ್ ಅಂತ ಬರೆದಿರುವ ಕಾರ್ಡನ್ನೇ ಕೇಳಿ. ಯಾವುದೇ ಕಾರ್ಡ್ ತೊಗೊಂಡರೂ ಪಕ್ಕಾ ಬಿಲ್ ಕೇಳಿ. ಇದೇ ಕೆಂಪು ಬಣ್ಣ, ಇದೇ ಅಕ್ಷರದ ನಕಲಿ ಕಾರ್ಡುಗಳು ಪೇಟೆಯಲ್ಲಿ ಬೇಕಾದಷ್ಟಿವೆ. 128 ಅಂತ ತೋರಿಸಿ ಒಳಗೆ 8 ಜಿಬಿ ಇಟ್ಟಿರುತ್ತಾರೆ, ಅದು ತುಂಬುವವರೆಗೆ ಗೊತ್ತೇ ಆಗುವುದಿಲ್ಲ. ಮನೆಗೆ ತಂದ ಕೂಡಲೇ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಓಡಿಸಿ. ಎರಡೂ ಉಚಿತ, ಕಾರ್ಡ್ ತುಂಬಾ ಬರೆದು ತಿರುಗಿ ಓದಿ ನೋಡುತ್ತವೆ. 128 ಜಿಬಿಗೆ ಒಂದು ತಾಸು ಹಿಡಿದೀತು, ಅದು ಮುಗಿಯುವವರೆಗೆ ಡಬ್ಬಿಯನ್ನೂ ಬಿಲ್ಲನ್ನೂ ಬಿಸಾಡಬೇಡಿ.