ಹತ್ತನೇ ಎಸೆತವನ್ನು ನುಂಗುವ ಅಂಕಿಅಂಶ ಸೇವೆ

ಕ್ರಿಕೆಟ್ ಅಂಕಿಅಂಶದ ಹೊಸ ತಾಣ ಯಾವುದೇ ಸಿಕ್ಕರೂ ನಾನು ಮೊದಲು ತೆಗೆದು ನೋಡುವುದು ಡಾನ್ ಬ್ರಾಡ್ಮನ್ ಅವರ ಟೆಸ್ಟ್ ಸರಾಸರಿ. 80 ಇನಿಂಗ್ಸ್, 10 ಬಾರಿ ಔಟಾಗದೆ, 6,996 ರನ್. 99.94 ಎಂದು ಬಂದರೆ ಸರಿ. 87.45 ಎಂದು ಬಂದರೆ ಆ ಪುಣ್ಯಾತ್ಮರು ಔಟಾಗದ ಇನಿಂಗ್ಸ್‌ಗಳನ್ನೂ ಭಾಗಾಕಾರಕ್ಕೆ ಸೇರಿಸಿದ್ದಾರೆಂದು ಅರ್ಥ. ಅಲ್ಲಿಂದ ಎದ್ದು ಬರುವುದೇ ಲೇಸು. ಪಂದ್ಯದ ಪ್ರತಿ ಎಸೆತದ ವಿವರವನ್ನು ಫೈಲ್ ಆಗಿ ಕೊಡುವ ಈ ಚಂದಾ ಸೇವೆ ಆ ಪರೀಕ್ಷೆಯಲ್ಲಿ ಪಾಸಾಯಿತು. ವೈಡ್ ಅನ್ನು ಬ್ಯಾಟರ್ ಎದುರಿಸಿದ ಎಸೆತವೆಂದು ಎಣಿಸಬಾರದು, ನೋಬಾಲ್ ಅನ್ನು ಎಣಿಸಬೇಕು ಎಂಬ ಸೂಕ್ಷ್ಮವೂ ಇವರಿಗೆ ಗೊತ್ತು. ನಂಬಿ ಇಡೀ ವರ್ಷದ ಚಂದಾ ಕಟ್ಟಿದೆ.

ಬಹುಮಾನ ವಿತರಣೆ ನಡೆಯುವ ಹೊತ್ತಿಗೆ ಫೈಲ್ ಸಿದ್ಧವಿರುತ್ತದೆ. ಟಿವಿಯ ಸದ್ದು ತಗ್ಗಿಸಿ, ಫೈಲ್ ಇಳಿಸಿಕೊಂಡು, ಸ್ಕೋರ್‌ಕಾರ್ಡ್ ಪಕ್ಕದಲ್ಲಿಟ್ಟು ತಾಳೆ ನೋಡಲು ಕೂರುತ್ತೇನೆ. ವೈಡ್, ನೋಬಾಲ್ ಬೌಲರ್ ಲೆಕ್ಕಕ್ಕೆ. ಬ್ಯಾಟ್‌ಗೆ ತಾಗದೆ ಬಂದ ಬೈ, ಲೆಗ್‌ಬೈ ರನ್‌ಗಳು ಅವನ ಲೆಕ್ಕಕ್ಕಿಲ್ಲ. ಬೌಲರ್‌ಗಳು ಕೊಟ್ಟ ರನ್ ಕೂಡಿಸಿ, ಬೈಗಳನ್ನು ಸೇರಿಸಿದಾಗ ತಂಡದ ಮೊತ್ತ ಒಂದು ರನ್ನೂ ಆಚೀಚೆಯಾಗದೆ ಬಂದು ನಿಲ್ಲುವ ಸುಖವನ್ನು ಮನೆಯವರಿಗೆ ವಿವರಿಸುವ ಆಸೆ ಬಿಟ್ಟು ಬಹಳ ಕಾಲವಾಯಿತು.

ನನ್ನ ಹುಚ್ಚು ಒಂದೇ ಪ್ರಶ್ನೆಯದು: ವೈಡ್ ಹಾಕಿದ ಬೌಲರ್‌ನ ಮರು ಎಸೆತ ಏನಾಗುತ್ತದೆ? ಇದಕ್ಕೆ ಎಸೆತಗಳ ಅನುಕ್ರಮವೇ ಜೀವಾಳ. ಎಡವಟ್ಟಾಗಿರುವುದೂ ಅಲ್ಲೇ. ಇವರು ಓವರ್ ಮತ್ತು ಎಸೆತವನ್ನು ಒಂದೇ ಕಾಲಂನಲ್ಲಿ ದಶಾಂಶ ಸಂಖ್ಯೆಯಾಗಿ ತುರುಕಿದ್ದಾರೆ. 17.1, 17.2 ಎಂದು ಸಾಗಿ 17.9ರವರೆಗೆ ಕ್ಷೇಮ. ಪ್ರತಿ ವೈಡ್‌ಗೂ ಮರು ಎಸೆತ ಹಾಕಬೇಕಾದ್ದರಿಂದ, ನಾಲ್ಕು ವೈಡ್ ಬಿದ್ದ ಓವರ್‌ನಲ್ಲಿ ಆರರ ಬದಲು ಹತ್ತು ಎಸೆತ; ಹತ್ತನೆಯದು 17.10 ಆಗಬೇಕಷ್ಟೆ, ಸೊನ್ನೆ ಉದುರಿ ಅದು 17.1 ಆಗುತ್ತದೆ. ಒಮ್ಮೆ ಬ್ಯಾಟರ್‌ವಾರು ವಿಂಗಡಿಸಿ ಮತ್ತೆ ಓವರ್ ಕ್ರಮಕ್ಕೆ ತಂದರೆ ಕೊನೆಯ ಎಸೆತ ಮೊದಲನೆಯದರ ಪಕ್ಕದಲ್ಲಿ ಕುಳಿತಿರುತ್ತದೆ. ಅದರಲ್ಲಿ ಬೌಲ್ಡ್ ಆದ ಆಸಾಮಿ ಇನ್ನೂ ಎಂಟು ಎಸೆತಗಳ ಕಾಲ ಕ್ರೀಸ್‌ನಲ್ಲೇ ಇರುತ್ತಾನೆ! ವೈಡ್ ಹೆಚ್ಚಿದಷ್ಟೂ ಕೆಡುವ ಫೈಲ್‌ನಲ್ಲಿ ನಾನು ವೈಡ್‌ಗಳನ್ನೇ ಅಧ್ಯಯನ ಮಾಡಬೇಕು.

ಸಹಾಯ ವಿಭಾಗಕ್ಕೆ ಉದಾಹರಣೆ ಸಮೇತ ಬರೆದೆ. ಕಾಲಂನ ಅಗಲ ಹೆಚ್ಚಿಸಿ ನೋಡಿ ಎಂಬ ಉತ್ತರ ಬಂತು. ಅಗಲ ಹೆಚ್ಚಿಸಿದೆ. ಅದೇ 17.1 ಈಗ ವಿಶಾಲವಾಗಿ ಕಾಣುತ್ತದೆ.

ಚಂದಾ ಕಟ್ಟಿಯಾಗಿದ್ದರೆ ಹೀಗೆ ಮಾಡಿ: ಫೈಲ್ ತೆರೆದೊಡನೆ, ಬೇರೇನನ್ನೂ ಮುಟ್ಟುವ ಮೊದಲು, ಎಡತುದಿಯಲ್ಲಿ ಹೊಸ ಕಾಲಂ ಸೇರಿಸಿ 1ರಿಂದ ಕ್ರಮಸಂಖ್ಯೆ ಎಳೆದುಬಿಡಿ. ಮೂಲ ಫೈಲ್‌ನ ಸಾಲುಗಳು ಸರಿಯಾದ ಕ್ರಮದಲ್ಲೇ ಇರುತ್ತವೆ. ಮುಂದೆ ವಿಂಗಡಣೆಗೆಲ್ಲ ಅದನ್ನೇ ಬಳಸಿ.

ಇಷ್ಟು ಬೈದರೂ ಪೂರ್ತಿ ಬಿಡಲು ಮನಸ್ಸಿಲ್ಲ, ಚೆಂಡು ಬ್ಯಾಟರ್‌ನಿಂದ ಎಷ್ಟು ದೂರದಲ್ಲಿ ನೆಲಕ್ಕೆ ಬಿತ್ತೆಂದು ಹೇಳುವ ಲೆಂಗ್ತ್ ಕಾಲಂ ಒಂದರ ದೆಸೆಯಿಂದ. ವೈಡ್ ಯಾರ್ಕರ್‌ಗೆ (ಬ್ಯಾಟರ್‌ನಿಂದ ದೂರ, ಅವನ ಕಾಲಿನ ಮಟ್ಟಕ್ಕೇ ಬೀಳುವ ಎಸೆತಕ್ಕೆ) ಹೋಗಿ ಗೆರೆ ದಾಟಿಸಿದ ಬೌಲರ್ ಮರು ಎಸೆತದ ಲೆಂಗ್ತ್ ಹಿಂದಕ್ಕೆಳೆದನೋ, ಅದೇ ಯಾರ್ಕರ್ ಜೂಜು ಮತ್ತೆ ಆಡಿದನೋ ಎಂಬುದು ಯಾವ ಸ್ಕೋರ್‌ಕಾರ್ಡ್‌ನಲ್ಲೂ ಇರುವುದಿಲ್ಲ, ಇಲ್ಲಿ ಸಿಗುತ್ತದೆ. ಉಚಿತವಾಗಿ ಸಿಗುವ ಕ್ರಿಕ್‌ಶೀಟ್ ತಾಣದಲ್ಲಿ ಪ್ರತಿ ಎಸೆತದ ರನ್, ವಿಕೆಟ್ ಇದ್ದರೂ ಲೆಂಗ್ತ್ ಇಲ್ಲ. ರನ್ ಲೆಕ್ಕ ಸಾಕು ಎನ್ನುವವರು ದುಡ್ಡು ಕೊಡದೆ ಅದನ್ನೇ ಬಳಸಲಿ.

ನಾಲ್ಕು ವೈಡ್‌ಗಳ ಓವರ್ ಟೆಸ್ಟ್‌ನಲ್ಲಿ ಬಲು ಅಪರೂಪವಾದ್ದರಿಂದ, ಮುಂದಿನ ಅವಧಿಗೆ ಟೆಸ್ಟ್ ಪಂದ್ಯಗಳ ಕಿರು ಚಂದಾ ಮಾತ್ರ ಇಟ್ಟುಕೊಂಡಿದ್ದೇನೆ. ಐದರಲ್ಲಿ ಮೂರು ಅಂಕ. ಆ ಕಾಲಂ ಒಡೆದು ಎರಡು ಮಾಡಿದ ದಿನ ನಾಲ್ಕೂವರೆ ಕೊಡಲು ಸಿದ್ಧ.