ಒಂದು ಪ್ರಿಂಟರ್, ನಾಲ್ಕು ಥರದ ಯಂತ್ರ: ನಾನು ನೋಡಿದ ಮೂರು ದಾರಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಸಣ್ಣ ಝೆರಾಕ್ಸ್ ಅಂಗಡಿ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಲು ಒಂದು ವಿಂಡೋಸ್ 10, ಆನ್‌ಲೈನ್ ಅರ್ಜಿಗೆ ಒಂದು ಉಬುಂಟು (ಲಿನಕ್ಸ್) ಕಂಪ್ಯೂಟರ್, ಅಳಿಯನ ಮ್ಯಾಕ್‌ಬುಕ್, ಮೇಲೆ ಗಿರಾಕಿಗಳ ಫೋನು. ಪ್ರಿಂಟರ್ ಮಾತ್ರ ಒಂದೇ. ಅದೂ ಯುಎಸ್‌ಬಿ ಬಿಟ್ಟರೆ ಬೇರೇನೂ ಇಲ್ಲದ ಹಳೇ ಲೇಸರ್. 371ಜೆ ಸರ್ಟಿಫಿಕೇಟಿಗೆ ಅರ್ಜಿ ಹಾಕುವ ಹುಡುಗರು ಸಾಲು ಹಚ್ಚಿದಾಗ ಪೆನ್‌ಡ್ರೈವ್ ಹಿಡಿದು ಓಡಾಡಿ ಸಾಕಾಗಿತ್ತು.

ಮೊದಲು ವಿಂಡೋಸ್‌ನಲ್ಲೇ ಶೇರ್ ಮಾಡಿದೆ. ಇರೋದೆಲ್ಲ ವಿಂಡೋಸ್ ಆಗಿದ್ದರೆ ಇದೇ ಸಾಕು, ಐದು ನಿಮಿಷದ ಕೆಲಸ. 2021ರ ಪ್ರಿಂಟ್‌ನೈಟ್‌ಮೇರ್ ಎಂಬ ವಿಂಡೋಸ್ ಭದ್ರತಾ ಲೋಪದ ಗದ್ದಲದ ಮೇಲೆ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಹಾಕಲು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಅಷ್ಟೇ. ಉಬುಂಟುವಿನಿಂದ ಸಾಂಬಾ (ಲಿನಕ್ಸ್‌ನಿಂದ ವಿಂಡೋಸ್ ಶೇರ್ ಮುಟ್ಟುವ ಸಾಫ್ಟ್‌ವೇರ್) ಮೂಲಕ ಹೇಗೋ ಬಂತು. ಅಳಿಯನ ಮ್ಯಾಕ್‌ಗೆ ಡ್ರೈವರ್ ಸಿಗಲಿಲ್ಲ, ಫೋನಿಗೆ ಪ್ರಿಂಟರ್ ಕಾಣಲೇ ಇಲ್ಲ.

ಆಮೇಲೆ ರೂಟರ್ ಹಿಂದಿನ ಯುಎಸ್‌ಬಿಗೆ ಸಿಕ್ಕಿಸಿದೆ. ಬೇರೆ ಕಂಪ್ಯೂಟರ್ ಬೇಡ, ಕರೆಂಟ್ ಖರ್ಚಿಲ್ಲ ಅಂತ ಖುಷಿಪಟ್ಟಿದ್ದೇ ಬಂತು. ನನ್ನ ಪ್ರಿಂಟರ್ ತನ್ನ ಫರ್ಮ್‌ವೇರ್ (ಅದನ್ನು ನಡೆಸುವ ಮೂಲ ಸಾಫ್ಟ್‌ವೇರ್) ಒಳಗೆ ಇಟ್ಟುಕೊಳ್ಳುವುದಿಲ್ಲ. ಆನ್ ಮಾಡಿದಾಗಲೆಲ್ಲ ಕಂಪ್ಯೂಟರ್ ಅದನ್ನು ಹೊಸದಾಗಿ ಕಳಿಸಬೇಕು. ರೂಟರ್‌ಗೆ ಅದೆಲ್ಲ ಗೊತ್ತಿಲ್ಲ. ಇನ್ನು ನಮ್ಮೂರ ಬೇಸಿಗೆ, ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಕೇಳಬೇಡಿ. ಪ್ರತಿ ಸಲ ಪ್ರಿಂಟರ್ ಲೈಟ್ ಹತ್ತಿ ಸುಮ್ನೆ ಕೂರುತ್ತಿತ್ತು. ಎರಡೇ ದಿನಕ್ಕೆ ಕಿತ್ತೆ.

ಕೊನೆಗೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರಿಗೆ ಉಬುಂಟು ಹಾಕಿ, ಒಂದು ಪ್ರಿಂಟರನ್ನು ಎಲ್ಲ ಯಂತ್ರಗಳಿಗೂ ಹಂಚುವ ಕಪ್ಸ್ (CUPS) ನಡೆಸಿದೆ. 1999ರಿಂದ ಇರುವ ಸಾಫ್ಟ್‌ವೇರ್ ಇದು. ಮ್ಯಾಕ್ ಒಳಗೂ ಇದೇ ಇರುವುದರಿಂದ ಅಳಿಯನಿಗೆ ಏನೂ ಹೇಳಿಕೊಡಬೇಕಾಗಲಿಲ್ಲ. ಉಬುಂಟುವಿನಲ್ಲಿ ಹೆಸರು ತಾನೇ ಬಂತು. ವಿಂಡೋಸ್‌ನಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಕೆಲಸ: ಈ ಹಳೇ ಕಂಪ್ಯೂಟರಿನ ಐಪಿ (ನೆಟ್‌ವರ್ಕಿನಲ್ಲಿ ಅದರ ಸಂಖ್ಯೆ), ಪೋರ್ಟ್ 631, ಪ್ರಿಂಟರ್ ಹೆಸರು ಸೇರಿಸಿ ವಿಳಾಸ ಕೊಟ್ಟು, ಜನರಿಕ್ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಆರಿಸಿದೆ. ಪೋಸ್ಟ್‌ಸ್ಕ್ರಿಪ್ಟ್ ಅಂದರೆ ಪುಟ ಹೇಗಿರಬೇಕೆಂದು ಹೇಳುವ ಒಂದು ಭಾಷೆ; ಅದನ್ನು ನನ್ನ ಪ್ರಿಂಟರಿಗೆ ಬೇಕಾದ ಭಾಷೆಗೆ ತಿರುಗಿಸುವುದು ಕಪ್ಸ್ ಕೆಲಸ. ಮರುದಿನ ಒಬ್ಬ ಹುಡುಗಿ ವೈಫೈ ಹಾಕಿಕೊಂಡು, "ಅಣ್ಣಾ, ಫೋನ್ನಾಗ ಪ್ರಿಂಟರ್ ಹೆಸರು ಬರ್ಲಾಕತ್ತದ ನೋಡ್ರಿ" ಅಂದಳು. ಕೇಳದೆಯೇ ಹದಿನಾಲ್ಕು ಪುಟ ಹೊಡೆದೂ ಬಿಟ್ಟಳು! ಈಗ ಗಿರಾಕಿಗಳಿಗೆ ವೈಫೈ ಪಾಸ್‌ವರ್ಡ್ ಕೊಡುವುದಿಲ್ಲ.

ತೊಂದರೆಯೇ ಇಲ್ಲ ಅಂತಲ್ಲ. ಕರೆಂಟ್ ಹೋಗಿ ಬಂದಾಗ ಐಪಿ ಬದಲಾಗಿ ವಿಂಡೋಸ್ ಬಾಯಿ ಬಾಯಿ ಬಿಡುತ್ತಿತ್ತು. ರೂಟರ್‌ನಲ್ಲಿ ಆ ಕಂಪ್ಯೂಟರಿಗೆ ಒಂದೇ ಐಪಿ ಕಟ್ಟಿಹಾಕಿದೆ. ಕಪ್ಸ್‌ನಲ್ಲಿ ಎರರ್ ಪಾಲಿಸಿಯನ್ನು (ಪ್ರಿಂಟ್ ಕೆಟ್ಟಾಗ ಏನು ಮಾಡಬೇಕೆಂಬ ಸೆಟ್ಟಿಂಗ್) ರಿಟ್ರೈ ಜಾಬ್, ಅಂದರೆ ಮತ್ತೆ ಪ್ರಯತ್ನಿಸು, ಅಂತ ಇಟ್ಟೆ, ಇಲ್ಲದಿದ್ದರೆ ಪ್ರಿಂಟರ್ ಒಮ್ಮೆ ಮುನಿಸಿಕೊಂಡರೆ ಸಾಲೇ ನಿಂತುಬಿಡುತ್ತದೆ. ಕಂಪ್ಯೂಟರ್ ಯುಪಿಎಸ್ ಮೇಲಿದೆ. ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್‌ಗೆ ಹಾಕಬೇಡಿ, ಬಿಸಿಯಾಗುವಾಗ ಅದು ಎಳೆಯುವ ಕರೆಂಟ್ ತಡೆಯುವುದಿಲ್ಲ.

ಇನ್ನೊಂದು ಮಾತು. ಹಳೇ ನುಡಿ ಫೈಲನ್ನು ಉಬುಂಟುವಿನಲ್ಲಿ ತೆರೆದು ಪ್ರಿಂಟ್ ಕೊಟ್ಟರೆ ಕನ್ನಡದ ಬದಲು ಟೋಪಿ ಹಾಕಿದ ಇಂಗ್ಲಿಷ್ ಅಕ್ಷರ ಬರುತ್ತವೆ. ಅದು ಫಾಂಟ್ ತಕರಾರು, ಪ್ರಿಂಟರಿಗೆ ಬೈಯಬೇಡಿ. ನಾನು ಅಂಥ ಫೈಲನ್ನು ವಿಂಡೋಸ್‌ನಲ್ಲೇ ಪಿಡಿಎಫ್ ಮಾಡಿ ಕಳಿಸುತ್ತೇನೆ.